ಸುವಾರ್ತೆಯಲ್ಲಿ ಬರುವ ‘ಶಾಸ್ತ್ರಿಗಳು’ ಯಾರು? ಅವರ ದಿನದ ಕೆಲಸ ಏನು, ಹೊಟ್ಟೆಪಾಡು ಹೇಗೆ?

ಶಾಂತಾ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಈಗ ಮಾರ್ಕನ ಸುವಾರ್ತೆ ಓದುತ್ತಿದ್ದೇವೆ. ಪುಟ ತಿರುವಿದಲ್ಲೆಲ್ಲ ಶಾಸ್ತ್ರಿಗಳು ಎದುರಾಗುತ್ತಾರೆ. 2ನೇ ಅಧ್ಯಾಯದಲ್ಲಿ ಯೇಸು ಸುಂಕದವರ ಜೊತೆ ಊಟಕ್ಕೆ ಕೂತದ್ದನ್ನು ಆಕ್ಷೇಪಿಸುತ್ತಾರೆ. 7ರಲ್ಲಿ ಕೈ ತೊಳೆಯದೆ ಉಂಡ ಶಿಷ್ಯರ ಬಗ್ಗೆ ತಕರಾರು ತೆಗೆಯುವವರಲ್ಲಿ ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳೂ ಇದ್ದಾರೆ. 12ರಲ್ಲಿ ಮಾತ್ರ ಒಬ್ಬ ಶಾಸ್ತ್ರಿ ಒಳ್ಳೆಯ ಮಾತಾಡುತ್ತಾನೆ, ಯೇಸು ಅವನನ್ನು ಮೆಚ್ಚುತ್ತಾನೆ.

ಗುಂಪಿನ ಒಬ್ಬ ಹುಡುಗ ಕೇಳಿದ: “ಟೀಚರ್, ಇವರಿಗೆ ಸಂಬಳ ಕೊಡುತ್ತಿದ್ದವರು ಯಾರು? ಇವರು ಯಾಜಕರೋ, ವಕೀಲರೋ, ಗುಮಾಸ್ತರೋ? ಬೆಳಗಾದರೆ ಮಾಡುತ್ತಿದ್ದ ಕೆಲಸ ಏನು?” ಬಾರೂಕನೂ ಬರೆಯುವವನೇ, ಎಜ್ರನೂ ಬರೆಯುವವನೇ, ಇವರೂ ಅದೇ ಕೆಲಸದವರಾ ಅಂತ ಇನ್ನೊಬ್ಬಳು ಕೇಳಿದಳು. ಮುಂದಿನ ವಾರ ಹೇಳುತ್ತೇನೆ ಎಂದಿದ್ದೇನೆ. ಯೇಸುವಿನ ವಿರೋಧಿಗಳು ಅಂತ ಒಂದೇ ಮಾತಲ್ಲಿ ಮುಗಿಸಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೆಸುರುಳಿ

ಟೀಚರ್, ಮೊದಲು ಕಾಲ ಬೇರೆ ಮಾಡಿಕೊಳ್ಳಿ. ಬಾರೂಕನಿಗೂ ಮಾರ್ಕನ ಶಾಸ್ತ್ರಿಗಳಿಗೂ ನಡುವೆ ಆರುನೂರಕ್ಕೂ ಹೆಚ್ಚು ವರ್ಷ ಇದೆ.

ಅರಸರ ಕಾಲದಲ್ಲಿ ಬರಹಗಾರ ಎಂದರೆ ಅರಮನೆಯ ದೊಡ್ಡ ಅಧಿಕಾರಿ. ಕ್ರಿ.ಪೂ. 622ರ ಸುಮಾರಿಗೆ, ಯೋಷೀಯನ 18ನೇ ವರ್ಷ, ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಮಹಾಯಾಜಕ ಹಿಲ್ಕೀಯ ಅದನ್ನು ಲೇಖಕ ಶಾಫಾನನ ಕೈಗೆ ಕೊಡುತ್ತಾನೆ, ಶಾಫಾನ ಅರಸನಿಗೆ ಓದಿ ಹೇಳುತ್ತಾನೆ. ಆದರೆ ಇದರ ಅರ್ಥವೇನು, ಮುಂದೇನು ಎಂದು ಕೇಳಬೇಕಾದಾಗ ಎಲ್ಲರೂ ಹೋಗುವುದು ಪ್ರವಾದಿನಿ ಹುಲ್ದಳ ಬಳಿಗೆ. ಆಗಿನ್ನೂ ಓದುವುದು ಲೇಖಕನ ಕೆಲಸ, ತೀರ್ಪು ಹೇಳುವುದು ಬೇರೆಯವರ ಕೆಲಸ.

ಯೆರೆಮೀಯ 36ನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದಿಸಿ. ಆ ಕಾಲದ ಬರಹಗಾರರ ಲೋಕ ಪೂರ್ತಿ ಅಲ್ಲಿದೆ. ಯೆರೆಮೀಯ ಬಾಯಲ್ಲಿ ಹೇಳಿದ್ದನ್ನು ಬಾರೂಕ ಸುರುಳಿಯ ಮೇಲೆ ಬರೆಯುತ್ತಾನೆ. ಅದನ್ನು ದೇವಾಲಯದಲ್ಲಿ ಓದಿದ್ದು ಶಾಫಾನನ ಮಗ ಗೆಮರ್ಯನ ಕೋಣೆಯಲ್ಲಿ. ಕೇಳಿಸಿಕೊಂಡು ಅರಮನೆಗೆ ಓಡಿದವನು ಗೆಮರ್ಯನ ಮಗ ಮೀಕಾಯ. ಮೂರು ತಲೆಮಾರು ಒಂದೇ ವೃತ್ತಿಯ ಸುತ್ತ ಇರುವ ಮನೆತನ ನೋಡಿ. (1982ರಲ್ಲಿ ಯೆರೂಸಲೇಮಿನ ದಾವೀದನ ಪಟ್ಟಣದ ಉತ್ಖನನದಲ್ಲಿ ‘ಶಾಫಾನನ ಮಗ ಗೆಮರ್ಯ’ ಎಂದು ಒತ್ತಿದ ಮಣ್ಣಿನ ಮುದ್ರೆಯೊಂದು ಸಿಕ್ಕಿದೆ.) ಅಧಿಕಾರಿಗಳು ಬಾರೂಕನಿಗೆ ಕೇಳುವ ಪ್ರಶ್ನೆ ಕೂಡ ವೃತ್ತಿಯವರು ಕೇಳುವಂಥದ್ದೇ: ಇಷ್ಟನ್ನೂ ಹೇಗೆ ಬರೆದೆ? ಅವನು ಹೇಳುತ್ತಿದ್ದ, ನಾನು ಮಸಿಯಲ್ಲಿ ಬರೆಯುತ್ತಿದ್ದೆ ಅನ್ನುತ್ತಾನೆ ಬಾರೂಕ.

ಆಮೇಲೆ ಅರಸ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಾನೆ. ಮೂರು ನಾಲ್ಕು ಅಂಕಣ ಓದಿ ಆದ ಹಾಗೆಲ್ಲ ಅಷ್ಟಷ್ಟು ಭಾಗವನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಕತ್ತರಿಸಿದ ಚಾಕು ಯಾವುದು ಗೊತ್ತೇ? ಬರಹಗಾರನ ಚಾಕು. ಸುರುಳಿಯ ಅಂಚು ಸವರಲು ಲೇಖನಿಯ ಜೊತೆ ಇಟ್ಟುಕೊಳ್ಳುತ್ತಿದ್ದ ಹತಾರ ಅದು. ಬಾರೂಕ ಮತ್ತೆ ಕೂತು ಇನ್ನೊಂದು ಸುರುಳಿ ಬರೆಯುತ್ತಾನೆ, ಮೊದಲಿನದಕ್ಕಿಂತ ಹೆಚ್ಚು ಮಾತುಗಳನ್ನು ಸೇರಿಸಿ.

ಎಜ್ರನ ಹೊತ್ತಿಗೆ ವಿಷಯ ಬದಲಾಗುತ್ತದೆ. ಅವನು ಯಾಜಕನೂ ಹೌದು, ಧರ್ಮಶಾಸ್ತ್ರ ಬಲ್ಲ ಬರಹಗಾರನೂ ಹೌದು. ಕ್ರಿ.ಪೂ. 458 ಎಂದು ಸಾಮಾನ್ಯವಾಗಿ ಲೆಕ್ಕ ಹಾಕುವ ವರ್ಷದಲ್ಲಿ ಪಾರಸಿಯ ಅರಸ ಅರ್ತಷಸ್ತನ ಪತ್ರ ಹಿಡಿದು ಬರುತ್ತಾನೆ. ನ್ಯಾಯಾಧಿಪತಿಗಳನ್ನು ನೇಮಿಸುವ ಅಧಿಕಾರವೂ ಆ ಪತ್ರದಲ್ಲಿದೆ. ನೆಹೆಮೀಯ 8ರಲ್ಲಿ ನೀರುಬಾಗಿಲ ಮುಂದಿನ ಚೌಕದಲ್ಲಿ, ಅದಕ್ಕೆಂದೇ ಮಾಡಿದ ಮರದ ವೇದಿಕೆಯ ಮೇಲೆ ನಿಂತು, ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ. ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸುತ್ತಾರೆ. ನಿಮ್ಮ ಮಾರ್ಕನ ಶಾಸ್ತ್ರಿಗಳ ಬೇರು ಇರುವುದು ಇಲ್ಲಿ.

ಪತ್ರಬರಹ

ಟೀಚರಮ್ಮ, ನಾನು ಕ್ರಯಪತ್ರ, ಸಾಲಪತ್ರ, ಗುತ್ತಿಗೆ ಕರಾರು ಬರೆದೇ ಬದುಕಿದವನು. ಆ ಹುಡುಗ ಕೇಳಿದ ‘ಹೊಟ್ಟೆಪಾಡು ಹೇಗೆ’ ಅನ್ನುವ ಪ್ರಶ್ನೆಗೆ ನನ್ನಂಥವನು ಉತ್ತರ ಕೊಡಬೇಕು ಅನ್ನಿಸಿತು. ಏಕೆಂದರೆ ಅರಮನೆಯ ಶಾಫಾನ, ವೇದಿಕೆಯ ಮೇಲಿನ ಎಜ್ರ ಇವರೆಲ್ಲ ದೊಡ್ಡವರು. ಮಾರ್ಕೆಟ್ಟಿನಲ್ಲಿ ಕೂತು ಪತ್ರ ಬರೆಯುತ್ತಿದ್ದ ಬರಹಗಾರ ಎಲ್ಲ ಪುಸ್ತಕಗಳಲ್ಲೂ ಅಂಚಿಗೆ ಸರಿದುಬಿಡುತ್ತಾನೆ. ಯೆಹೂದಿ ಗುರುಗಳ ನಿಯಮಗಳ ಸಂಗ್ರಹವಾದ ಮಿಷ್ನಾ ಓದಿದರೆ ಅವನು ಸಿಗುತ್ತಾನೆ. ರಬ್ಬಿ ಯೆಹೂದಾ ಹನ್ನಾಸಿ ಕ್ರಿ.ಶ. 200ರ ಸುಮಾರಿಗೆ ಸಂಗ್ರಹಿಸಿದ್ದು, ಆದರೆ ಅದರೊಳಗೆ ಎಷ್ಟೋ ನಿಯಮಗಳು ದೇವಾಲಯ ಇದ್ದ ಕಾಲದವು.

ಬರವಣಿಗೆ ಕೂಲಿ ಯಾರು ಕೊಡಬೇಕು ಅನ್ನುವುದು ಅದರ ಬಾವಾ ಬತ್ರಾ ಭಾಗದ 10ನೇ ಅಧ್ಯಾಯದಲ್ಲಿ ನೇರವಾಗಿ ಇದೆ. ತ್ಯಾಗಪತ್ರಕ್ಕೆ, ಅಂದರೆ ಹೆಂಡತಿಯನ್ನು ಬಿಡುವ ಪತ್ರಕ್ಕೆ, ಗಂಡ ಕೊಡಬೇಕು. ಸಾಲಪತ್ರಕ್ಕೆ ಸಾಲಗಾರ. ಕ್ರಯಪತ್ರಕ್ಕೆ ಕೊಂಡವನು. ಮದುವೆ ನಿಶ್ಚಯದ ಪತ್ರಕ್ಕೆ ವರ. ಹೊಲ ಗುತ್ತಿಗೆಗೆ ಹಿಡಿದರೆ ಗುತ್ತಿಗೆದಾರ. ಇಬ್ಬರೂ ಒಪ್ಪಿ ಪಂಚರನ್ನು ಕೂರಿಸಿಕೊಂಡರೆ ಇಬ್ಬರೂ. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ. ಸಾಲಗಾರ ಒಬ್ಬನೇ ಬಂದು ಬರೆಸಿಕೊಂಡರೆ ಬರೆಯಬಹುದು, ಏಕೆಂದರೆ ಅವನು ಕಟ್ಟಿಹಾಕುತ್ತಿರುವುದು ತನ್ನನ್ನೇ. ಸಾಲ ಕೊಟ್ಟವನು ಒಬ್ಬನೇ ಬಂದು ‘ಇಂಥವನು ನನಗೆ ಇಷ್ಟು ಕೊಡಬೇಕು ಅಂತ ಬರೀ’ ಅಂದರೆ ಬರೆಯುವಂತಿಲ್ಲ, ಸಾಲಗಾರ ಎದುರಿಗೆ ಇರಲೇಬೇಕು. ತ್ಯಾಗಪತ್ರವನ್ನು ಗಂಡ ಒಬ್ಬನೇ ಬಂದರೂ ಬರೆಯಬಹುದು, ಆದರೆ ಗಂಡ ಹೆಂಡತಿ ಇಬ್ಬರ ಗುರುತೂ ಬರೆಯುವವನಿಗೆ ಇರಬೇಕು. ಯಾರದೋ ಹೆಸರಿನಲ್ಲಿ ಯಾರೋ ಬಂದು ಬರೆಸಿಕೊಂಡು ಹೋದರೆ ಒಂದು ಮನೆ ಹಾಳಾಗುತ್ತದೆ. ಈ ಕೆಲಸದಲ್ಲಿ ಕೂತವರಿಗೆ ಅದು ಗೊತ್ತು.

ಗಿತ್ತಿನ್ ಎಂಬ ಭಾಗ ತ್ಯಾಗಪತ್ರಗಳದ್ದು. ಅದರ 3ನೇ ಅಧ್ಯಾಯ ಹೀಗೆ ಶುರುವಾಗುತ್ತದೆ: ಒಬ್ಬ ಬೀದಿಯಲ್ಲಿ ಹೋಗುತ್ತಿದ್ದಾನೆ, ಬರಹಗಾರರು ಗಟ್ಟಿಯಾಗಿ ಹೇಳಿಕೊಂಡು ಬರೆಯುತ್ತಿರುವುದು ಕೇಳಿಸುತ್ತದೆ, ‘ಇಂಥ ಊರಿನ ಇಂಥವನು ಇಂಥವಳನ್ನು ಬಿಟ್ಟಿದ್ದಾನೆ’ ಅಂತ. ಅವನು ನಿಂತು, ‘ಅರೆ, ಇದು ನನ್ನ ಹೆಸರೇ, ನನ್ನ ಹೆಂಡತಿಯ ಹೆಸರೇ’ ಅನ್ನುತ್ತಾನೆ. ಆ ಪತ್ರವನ್ನು ತೆಗೆದುಕೊಂಡು ಹೋಗಿ ಹೆಂಡತಿಯನ್ನು ಬಿಡಬಹುದಾ? ಬಿಡುವಂತಿಲ್ಲ. ಅವಳಿಗೆಂದೇ ಬರೆದ ಪತ್ರ ಆಗಬೇಕು. ಈ ಒಂದು ಸಾಲಿನಲ್ಲಿ ಎಷ್ಟು ಕಾಣುತ್ತದೆ ನೋಡಿ: ಬೀದಿ, ಗಟ್ಟಿಯಾಗಿ ಹೇಳಿ ಬರೆದು ಕೈ ಪಳಗಿಸಿಕೊಳ್ಳುವ ಬರಹಗಾರರು, ಕಾಪಿ ಮಾಡಿಟ್ಟ ನಮೂನೆಗಳು. ಮುಂದಿನ ನಿಯಮ ಇನ್ನೂ ಹತ್ತಿರದ್ದು. ನಮೂನೆ ಮುಂಚೆಯೇ ಬರೆದಿಟ್ಟುಕೊಳ್ಳುವ ಬರಹಗಾರ ತ್ಯಾಗಪತ್ರದಲ್ಲಿ ಗಂಡನ ಹೆಸರು, ಹೆಂಡತಿಯ ಹೆಸರು, ತಾರೀಕು ಇಷ್ಟಕ್ಕೆ ಜಾಗ ಖಾಲಿ ಬಿಡಬೇಕು. ಸಾಲಪತ್ರದಲ್ಲಿ ಕೊಟ್ಟವನು, ತೆಗೆದುಕೊಂಡವನು, ಮೊತ್ತ, ತಾರೀಕು. ಕ್ರಯಪತ್ರದಲ್ಲಿ ಇವುಗಳ ಜೊತೆ ಹೊಲವೂ ಸೇರುತ್ತದೆ. ರಬ್ಬಿ ಯೆಹೂದಾ (ಮಿಷ್ನಾ ಸಂಗ್ರಹಿಸಿದವರಲ್ಲ, ಅದೇ ಹೆಸರಿನ ಇನ್ನೊಬ್ಬರು) ಮಾತ್ರ ನಮೂನೆಯ ಪತ್ರ ಯಾವುದೂ ಬೇಡವೇ ಬೇಡ ಅನ್ನುತ್ತಾರೆ.

ಈಗ ಶಾಸ್ತ್ರ ಬಲ್ಲವರು ಎಲ್ಲಿ ಬರುತ್ತಾರೆ ಅಂತೀರಾ? ಇಲ್ಲೇ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಗಮಲಿಯೇಲ, ಪೌಲನ ಗುರು, ಧರ್ಮಶಾಸ್ತ್ರದ ಬೋಧಕ. ಮೊದಲೆಲ್ಲ ಒಬ್ಬ ಮನುಷ್ಯ ಒಂದು ಊರಲ್ಲಿ ಒಂದು ಹೆಸರು, ಇನ್ನೊಂದು ಊರಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡಿರುತ್ತಿದ್ದ. ಮಿಷ್ನಾ ‘ಹಿರಿಯ ರಬ್ಬಾನ್’ ಎನ್ನುವ ಇದೇ ಗಮಲಿಯೇಲ ಒಂದು ಕಟ್ಟಳೆ ಮಾಡಿದರು: ತ್ಯಾಗಪತ್ರದಲ್ಲಿ ‘ಇಂಥವನು, ಮತ್ತು ಅವನಿಗಿರುವ ಬೇರೆಲ್ಲ ಹೆಸರು’, ‘ಇಂಥವಳು, ಮತ್ತು ಅವಳಿಗಿರುವ ಬೇರೆಲ್ಲ ಹೆಸರು’ ಅಂತ ಬರೆಯಬೇಕು. ನಾವು ಪತ್ರದಲ್ಲಿ ‘ಉರುಫ್’ ಹಾಕುತ್ತೇವಲ್ಲ, ಅದೇ. ಗಂಡ ಬಿಟ್ಟ ಹೆಣ್ಣು ನಾಳೆ ಮತ್ತೆ ಮದುವೆಯಾದಾಗ ‘ಇದು ನಿನ್ನ ಪತ್ರವೇ ಅಲ್ಲ’ ಅಂತ ಯಾರೂ ಅಡ್ಡ ಬರಬಾರದು. ಶಾಸ್ತ್ರಿಯ ಕೆಲಸ ಅಂದರೆ ಇದು. ಪತ್ರದ ಒಂದು ಸಾಲನ್ನು ಸರಿಪಡಿಸಿ ಒಬ್ಬ ಹೆಂಗಸಿನ ಬಾಳು ಕಾಯುವುದು.

ಇನ್ನೊಬ್ಬ ದೊಡ್ಡ ಶಾಸ್ತ್ರಗುರು ಹಿಲ್ಲೇಲರದ್ದೂ ಹಾಗೆಯೇ. ಧರ್ಮೋಪದೇಶಕಾಂಡ 15ರ ಪ್ರಕಾರ ಏಳನೇ ವರ್ಷ ಸಾಲ ಬಿಟ್ಟುಬಿಡಬೇಕು. ಆ ವರ್ಷ ಹತ್ತಿರ ಬಂದಂತೆ ಬಡವರಿಗೆ ಸಾಲ ಹುಟ್ಟದೆ ಹೋಯಿತು. ಹಿಲ್ಲೇಲರು ‘ಪ್ರೊಸ್ಬುಲ್’ ಅನ್ನುವ ಪತ್ರ ಜಾರಿಗೆ ತಂದರು. ಸಾಲ ಕೊಟ್ಟವನು ನ್ಯಾಯಾಧೀಶರ ಮುಂದೆ, ನನಗೆ ಬರಬೇಕಾದ ಸಾಲವನ್ನು ಯಾವಾಗ ಬೇಕಾದರೂ ವಸೂಲಿ ಮಾಡುತ್ತೇನೆ ಎಂದು ಬರೆಸಿಕೊಡುತ್ತಾನೆ. ಕೆಳಗೆ ನ್ಯಾಯಾಧೀಶರು ಅಥವಾ ಸಾಕ್ಷಿಗಳು ರುಜು ಹಾಕುತ್ತಾರೆ. ಮೃತಸಮುದ್ರದ ಬಳಿಯ ವಾದಿ ಮುರಬ್ಬಾತ್ ಗುಹೆಯಲ್ಲಿ ಸಿಕ್ಕ ಒಂದು ಸಾಲಪತ್ರ ನೀರೋ ಚಕ್ರವರ್ತಿಯ 2ನೇ ವರ್ಷದ್ದು, ಅಂದರೆ ಕ್ರಿ.ಶ. 55–56. ಮೊತ್ತ 20 ಜೂಜ್ (ಬೆಳ್ಳಿ ನಾಣ್ಯ). ಇದು ಬಿಡುಗಡೆಯ ವರ್ಷವೇ ಆಗಿದ್ದರೂ ತೀರಿಸುತ್ತೇನೆ ಎಂದು ಸಾಲಗಾರ ಅದರಲ್ಲಿ ಬರೆಸಿದ್ದಾನೆ. ವಿದ್ವಾಂಸರ ಚರ್ಚೆ ಹಳ್ಳಿಯ ಸಾಲಪತ್ರದ ಸಾಲಿನವರೆಗೂ ಇಳಿದಿತ್ತು ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಇನ್ನು ಬಾಬತಾ ಎಂಬ ಹೆಂಗಸಿನ ಕಾಗದಗಳು. 1961ರಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಮೃತಸಮುದ್ರದ ಪಕ್ಕದ ಗುಹೆಯಲ್ಲಿ ಚರ್ಮದ ಚೀಲದೊಳಗೆ ಸಿಕ್ಕವು, 35 ದಾಖಲೆ. ಕಾಲ ಕ್ರಿ.ಶ. 94ರಿಂದ 132. ಆಕೆಯ ಖರ್ಜೂರದ ತೋಟಗಳನ್ನು ಸರ್ಕಾರಕ್ಕೆ ನಮೂದಿಸಿದ 127ರ ಪತ್ರದಲ್ಲಿ ಚೆಕ್ಕುಬಂದಿ ಬರೆದಿದೆ: ಒಂದು ಕಡೆ ರಸ್ತೆ, ಒಂದು ಕಡೆ ಸಮುದ್ರ. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಇನ್ನೊಂದು ಪತ್ರದಲ್ಲಿ, ತಂದೆ ಸತ್ತ ತನ್ನ ಮಗನ ಪೋಷಣೆಗೆ ಪಾಲಕರು ಕೊಡುವ ಹಣ ಸಾಲದು ಎಂದು ತಕರಾರು. ತಿಂಗಳಿಗೆ ಕೊಡುತ್ತಿದ್ದದ್ದು 2 ದಿನಾರಿ. ಆಕೆಗೆ ಅಕ್ಷರ ಬಾರದ ಕಾರಣ ಕೇಳಿಕೊಂಡ ಮೇರೆಗೆ ಆಕೆಯ ಪರವಾಗಿ ಬರೆದಿದ್ದೇನೆ ಎಂದು ಬೇರೊಬ್ಬ ರುಜು ಹಾಕಿದ್ದಾನೆ.

ಅವುಗಳಲ್ಲಿ ಹಲವು ಜೋಡಿ ಪತ್ರ. ಒಂದೇ ಒಕ್ಕಣೆಯನ್ನು ಒಂದೇ ಹಾಳೆಯಲ್ಲಿ ಎರಡು ಸಲ ಬರೆಯುವುದು. ಮೇಲಿನದನ್ನು ಸುತ್ತಿ ದಾರದಿಂದ ಕಟ್ಟಿ, ಕಟ್ಟಿದ ಕಡೆ ಬೆನ್ನಿನ ಮೇಲೆ ಸಾಕ್ಷಿಗಳು ರುಜು ಹಾಕುವುದು. ಕೆಳಗಿನದು ತೆರೆದೇ ಇರುತ್ತದೆ, ಬೇಕಾದಾಗ ನೋಡಬಹುದು. ಯಾರಾದರೂ ತಿದ್ದಿದ್ದಾರೆ ಎಂದು ಜಗಳ ಬಂದರೆ ದಾರ ಬಿಚ್ಚಿ ಮೇಲಿನದಕ್ಕೆ ತಾಳೆ ನೋಡುವುದು. ಮಿಷ್ನಾ ಕೂಡ ಬಿಡಿ ಪತ್ರ, ಕಟ್ಟಿದ ಪತ್ರ ಎಂದು ಎರಡು ಬಗೆ ಹೇಳುತ್ತದೆ. ಬಿಡಿ ಪತ್ರಕ್ಕೆ ಸಾಕ್ಷಿಗಳು ಒಳಗೆ, ಎರಡು ಜನ ಸಾಕು. ಕಟ್ಟಿದ್ದಕ್ಕೆ ಹೊರಗೆ, ಮೂರು ಜನ ಬೇಕು.

ಕೊನೆಗೆ ಸಂಬಳದ ಮಾತು. ಬರಹಗಾರ ಕೂಲಿ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕು. ಆದರೆ ತೀರ್ಪು ಹೇಳಲು ಹಣ ತೆಗೆದುಕೊಂಡವನ ತೀರ್ಪೇ ಅಸಿಂಧು ಅನ್ನುತ್ತದೆ ಮಿಷ್ನಾದ ಬೆಖೊರೋತ್ ಭಾಗ. ಬರೆಯುವುದಕ್ಕೆ ಬೆಲೆ ಉಂಟು, ನ್ಯಾಯಕ್ಕೆ ಬೆಲೆ ಕಟ್ಟುವಂತಿಲ್ಲ. ಹುಡುಗನಿಗೆ ಇದನ್ನು ಖಂಡಿತ ಹೇಳಿ.

ಜೋಯೆಲ್_ಕೆ

ಚೆನ್ನಾಗಿದೆ ಸರ್. ಆದರೆ ಇದರಿಂದ ಗೊಂದಲ ಹೆಚ್ಚಾಯಿತು. ಮಾರ್ಕೆಟ್ಟಿನ ಬರಹಗಾರ ಬೇರೆ, ಶಾಸ್ತ್ರಿ ಬೇರೆ ಅಂತೀರಾ? ಶಾಸ್ತ್ರಿಗಳೂ ಫರಿಸಾಯರೂ ಒಂದೇ ಗುಂಪು ಅಂತ ನಾನು ಯಾವಾಗಲೂ ಕೇಳಿದ್ದು.

ಹಳೆಸುರುಳಿ

ಒಂದೇ ಅಲ್ಲ ಜೋಯೆಲ್. ಮಾರ್ಕ 2:16ರಲ್ಲೇ ‘ಫರಿಸಾಯರಲ್ಲಿದ್ದ ಶಾಸ್ತ್ರಿಗಳು’ ಅನ್ನುವ ಅರ್ಥ ಇದೆ, ಅಪೊಸ್ತಲರ ಕೃತ್ಯ 23:9ರಲ್ಲೂ ಫರಿಸಾಯರ ಪಕ್ಷದ ಶಾಸ್ತ್ರಿಗಳು ಎದ್ದು ಮಾತಾಡುತ್ತಾರೆ. ಫರಿಸಾಯ ಅನ್ನುವುದು ಪಂಥ, ಶಾಸ್ತ್ರಿ ಅನ್ನುವುದು ವಿದ್ಯೆ. ಪಂಥದ ಎಲ್ಲರೂ ವಿದ್ಯಾವಂತರಲ್ಲ. ಬರೆಯುವವರೆಲ್ಲ ಆ ಪಂಥದವರೂ ಅಲ್ಲ. ದೇವಾಲಯಕ್ಕೆ ಸೇರಿದ ಬರಹಗಾರರೇ ಬೇರೆ ಇದ್ದರು. ಕ್ರಿ.ಪೂ. 200ರ ಸುಮಾರಿಗೆ ಯೆರೂಸಲೇಮ್ ಹಿಡಿದ ಸಿರಿಯಾದ ಗ್ರೀಕ್ ಅರಸ ಮೂರನೇ ಆಂಟಿಯೋಕಸ್, ಯಾಜಕರು, ದೇವಾಲಯದ ಬರಹಗಾರರು, ಗಾಯಕರು ಇವರಿಗೆಲ್ಲ ತಲೆಗಂದಾಯ, ಉಪ್ಪಿನ ತೆರಿಗೆ ಮಾಫಿ ಮಾಡಿದ ಆಜ್ಞೆಯನ್ನು 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ.

ಪತ್ರಬರಹ

ಜೋಯೆಲ್ ಅವರೇ, ಅಂತಸ್ತಿನ ವ್ಯತ್ಯಾಸ ನೋಡಬೇಕೆಂದರೆ ಎರಡು ಕಡೆ ನೋಡಿ. ಕ್ರಿ.ಪೂ. 180ರ ಸುಮಾರಿಗೆ ಯೆರೂಸಲೇಮಿನಲ್ಲಿ ಬೆನ್ ಸೀರಾ ಎಂಬ ಗುರು ಇದ್ದ. ಉಳುವವನು, ಮುದ್ರೆ ಕೊರೆಯುವವನು, ಕಮ್ಮಾರ, ಕುಂಬಾರ ಒಬ್ಬೊಬ್ಬರ ಕೆಲಸವನ್ನೂ ಪ್ರೀತಿಯಿಂದ ವರ್ಣಿಸಿ, ಇವರಿಲ್ಲದೆ ಊರೇ ನಿಲ್ಲದು ಅನ್ನುತ್ತಾನೆ. ಆದರೆ ನ್ಯಾಯಪೀಠದಲ್ಲಿ ಕೂರುವವರು ಇವರಲ್ಲ, ಆ ಜಾಗ ಶಾಸ್ತ್ರ ಓದಲು ಬಿಡುವಿರುವ ಬರಹಗಾರನದು ಎಂಬುದು ಅವನ ಅಭಿಪ್ರಾಯ. ಇದು ಮೇಲಿನ ತುದಿ. ಕೆಳಗಿನ ತುದಿ ಜೋಸೆಫಸ್‌ನಲ್ಲಿದೆ. ಹೆರೋದನ ಮಗ ಅಲೆಕ್ಸಾಂಡರನ ಕಡೆಯವರು ಮಲಸಹೋದರರನ್ನು ಹಂಗಿಸುವುದು ಹೀಗೆ: ನಮಗೆ ಅಧಿಕಾರ ಬಂದರೆ ಇವರನ್ನು ಹಳ್ಳಿಯ ಗುಮಾಸ್ತರನ್ನಾಗಿ ಮಾಡುತ್ತೇವೆ, ಓದಿಕೊಂಡಿದ್ದಾರಲ್ಲ! ಅರಮನೆಯವರ ಕಣ್ಣಲ್ಲಿ ಹಳ್ಳಿಯ ಬರಹಗಾರ ಅಂದರೆ ಬೈಗುಳ.

ನ್ಯಾಯಸಭೆಯೊಳಗೂ ಇಬ್ಬರೂ ಬೇರೆ ಬೇರೆಯಾಗಿ ಕಾಣುತ್ತಾರೆ. ಮಿಷ್ನಾ ವರ್ಣಿಸುವಂತೆ ಸನ್ಹೆದ್ರಿನ್ ಎಂಬ ಯೆಹೂದಿ ನ್ಯಾಯಸಭೆ ಅರ್ಧಚಂದ್ರಾಕಾರವಾಗಿ ಕೂರುತ್ತದೆ, ಒಬ್ಬರ ಮುಖ ಒಬ್ಬರಿಗೆ ಕಾಣಲಿ ಎಂದು. ಎದುರಿಗೆ ಇಬ್ಬರು ಬರಹಗಾರರು ನಿಂತಿರುತ್ತಾರೆ, ಬಲಕ್ಕೊಬ್ಬ ಎಡಕ್ಕೊಬ್ಬ. ಬಿಡುಗಡೆ ಮಾಡಬೇಕೆನ್ನುವವರ ಮಾತನ್ನೂ ಶಿಕ್ಷಿಸಬೇಕೆನ್ನುವವರ ಮಾತನ್ನೂ ಬರೆದುಕೊಳ್ಳುತ್ತಾರೆ. ಇಬ್ಬರಲ್ಲ, ಮೂವರು ಅನ್ನುತ್ತಾರೆ ರಬ್ಬಿ ಯೆಹೂದಾ. ಅವರ ಮುಂದೆ ಮೂರು ಸಾಲಿನಲ್ಲಿ ಕಲಿಯುವವರು, ಪ್ರತಿಯೊಬ್ಬನಿಗೂ ತನ್ನ ಜಾಗ ಗೊತ್ತು.

ಆದರೆ ಎರಡೂ ಒಬ್ಬನಲ್ಲೇ ಸೇರುವುದೂ ಉಂಟು. 2ನೇ ಶತಮಾನದ ರಬ್ಬಿ ಮೇಯಿರ್, ಹೆಸರಾಂತ ಗುರು ಅಕೀವರ ಶಿಷ್ಯರು. ಮಿಷ್ನಾದಲ್ಲಿ ಹೆಸರಿಲ್ಲದೆ ಬರುವ ಮಾತೆಲ್ಲ ಇವರದೇ ಅನ್ನುವಷ್ಟು ದೊಡ್ಡ ವಿದ್ವಾಂಸರು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಬರಹಗಾರನ ಕೆಲಸ. ವಾರಕ್ಕೆ ಮೂರು ಸೆಲಾ (ಬೆಳ್ಳಿ ನಾಣ್ಯ) ಸಂಪಾದನೆ: ಒಂದು ಊಟಕ್ಕೆ, ಒಂದು ಬಟ್ಟೆಗೆ, ಇನ್ನೊಂದನ್ನು ಓದುವವರಿಗೆ ಕೊಡುತ್ತಿದ್ದರು. ರಬ್ಬಿ ಇಷ್ಮಾಯೇಲರ ಹತ್ತಿರ ಕಲಿಯಲು ಹೋದಾಗ, ಮಗನೇ ನಿನ್ನ ಕಸುಬೇನು ಎಂದು ಅವರು ಕೇಳಿದರಂತೆ. ಬರಹಗಾರ ಎಂದಾಗ, ಎಚ್ಚರ, ಇದು ದೇವರ ಕೆಲಸ, ಒಂದಕ್ಷರ ಬಿಟ್ಟರೂ ಒಂದಕ್ಷರ ಸೇರಿಸಿದರೂ ಲೋಕವನ್ನೇ ಹಾಳು ಮಾಡಿದಂತೆ ಎಂದರು. ಮೇಯಿರ್ ಕೊಟ್ಟ ಉತ್ತರ ಪಕ್ಕಾ ಕಸುಬುದಾರನದು: ಮಸಿಗೆ ಕಂಕಂತುಮ್ ಎಂಬುದನ್ನು ಬೆರೆಸುತ್ತೇನೆ. ಮಸಿ ಅಳಿಸಿಹೋಗದಂತೆ ಹಿಡಿದಿಡುವ ಲೋಹದ ಲವಣ ಅದು.

ಶಾಂತಾ ಟೀಚರ್

ಇಬ್ಬರಿಗೂ ತುಂಬ ಧನ್ಯವಾದ. ಇನ್ನೊಂದೇ ಸಂದೇಹ. 12ನೇ ಅಧ್ಯಾಯದ ಆ ಶಾಸ್ತ್ರಿ ‘ಎಲ್ಲಕ್ಕಿಂತ ಮುಖ್ಯ ಆಜ್ಞೆ ಯಾವುದು’ ಅಂತ ಕೇಳುತ್ತಾನಲ್ಲ, ಅದು ಸಿಕ್ಕಿಸಿಹಾಕುವ ಪ್ರಶ್ನೆಯಾ?

ಪತ್ರಬರಹ

ಮಾರ್ಕನಲ್ಲಿ ಹಾಗೆ ಕಾಣುವುದಿಲ್ಲ ಟೀಚರಮ್ಮ. ಚೆನ್ನಾಗಿ ಉತ್ತರ ಕೊಟ್ಟದ್ದನ್ನು ಕಂಡು ಹತ್ತಿರ ಬಂದು ಕೇಳಿದ ಅನ್ನುತ್ತಾನೆ ಮಾರ್ಕ. ಮತ್ತಾಯನಲ್ಲಿ ಮಾತ್ರ ಪರೀಕ್ಷಿಸಲು ಕೇಳಿದಂತೆ ಇದೆ. ಇದು ಆ ವಿದ್ವಾಂಸರ ನಡುವೆ ನಡೆಯುತ್ತಿದ್ದ ಪ್ರಶ್ನೆಯೇ. ಒಂದು ಕಾಲ ಮೇಲೆ ನಿಂತಿರುವಷ್ಟರಲ್ಲಿ ಇಡೀ ತೋರಾ (ಧರ್ಮಶಾಸ್ತ್ರ) ಹೇಳಿಕೊಡು ಎಂದು ಬಂದವನಿಗೆ, ನಿನಗೆ ಬೇಡವಾದದ್ದನ್ನು ನೆರೆಯವನಿಗೆ ಮಾಡಬೇಡ, ಉಳಿದದ್ದು ವಿವರಣೆ, ಹೋಗಿ ಕಲಿ ಅಂದರು ಹಿಲ್ಲೇಲರು. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದೇ ತೋರಾದ ದೊಡ್ಡ ತತ್ವ ಅಂದರು ಅಕೀವ. ಯೇಸು ಅದೇ ಯಾಜಕಕಾಂಡ 19:18ನ್ನು ಎತ್ತಿ ಹೇಳಿದಾಗ ಶಾಸ್ತ್ರಿ ಒಪ್ಪುತ್ತಾನೆ, ಇದು ಎಲ್ಲ ಹೋಮಯಜ್ಞಗಳಿಗಿಂತ ಮೇಲು ಎಂದೂ ಸೇರಿಸುತ್ತಾನೆ. ಅವನು ಮಾಡುತ್ತಿರುವುದು ತನ್ನ ದಿನದ ಕೆಲಸವನ್ನೇ, ಪ್ರಾಮಾಣಿಕವಾಗಿ.

ಮಾರ್ಕನ 10ನೇ ಅಧ್ಯಾಯದ ತ್ಯಾಗಪತ್ರದ ಮಾತು ಬಂದಾಗ ಗಿತ್ತಿನ್ 9ರ ಕೊನೆಯ ಭಾಗವನ್ನೂ ಪಕ್ಕದಲ್ಲಿಟ್ಟು ಓದಿಸಿ. ಹೆಂಡತಿಯಲ್ಲಿ ಮಾನಗೇಡಿನ ಸಂಗತಿ ಕಂಡರೆ ಮಾತ್ರ ಬಿಡಬಹುದು ಅನ್ನುತ್ತಾರೆ ಶಮ್ಮಾಯಿಯ ಶಾಲೆಯವರು. ಅಡುಗೆ ಸೀಯಿಸಿದರೂ ಬಿಡಬಹುದು ಅನ್ನುತ್ತಾರೆ ಹಿಲ್ಲೇಲರ ಶಾಲೆಯವರು. ಫರಿಸಾಯರು ಯೇಸುವನ್ನು ಕೇಳಿದ್ದು ಈ ವಾದ ನಡೆಯುತ್ತಿದ್ದ ಲೋಕದಲ್ಲಿ ನಿಂತು. ಆ ಭಾಗ ಒಂದು ವಾರಕ್ಕೆ ಮುಗಿಯುವುದಿಲ್ಲ, ಎರಡು ವಾರ ಇಟ್ಟುಕೊಳ್ಳಿ.